ನೆಟ್ಟಿನ ಈಚೆ ಬದಿಯ ಎದುರಾಳಿ

ಚೆಂಡು ಗೆರೆಯ ಮೇಲೆ ಬಿತ್ತೋ, ಗೆರೆಯಿಂದ ಬೆರಳಿನಷ್ಟು ಆಚೆ ಬಿತ್ತೋ ನನಗೆ ಕಾಣಲಿಲ್ಲ. ಅಂಕಣದ ಮೂಲೆಯಲ್ಲಿ ಬಾವುಟ ಹಿಡಿದು ನಿಂತಿದ್ದ ಮಗಳಿಗೆ ಕಂಡಿತ್ತು. ಅವಳು ಬಾವುಟ ಮೇಲೆತ್ತಿದಳು. ಮೇಲೆತ್ತಿದರೆ ಚೆಂಡು ಹೊರಗೆ, ನೆಲಕ್ಕೆ ತೋರಿಸಿದರೆ ಒಳಗೆ. ರೆಫ್ರಿಯೂ ಅದನ್ನೇ ಎತ್ತಿಹಿಡಿದರು. ಹದಿನೈದು ಅಂಕಕ್ಕೆ ಮುಗಿಯುವ ಮೂರನೇ ಸೆಟ್ಟು ಅದು. 13–13 ಆಗಬಹುದಾಗಿದ್ದದ್ದು 12–14 ಆಗಿಹೋಯಿತು.

ನನ್ನ ಎರಡು ಸಾಲು ಮುಂದೆ ಕೂತಿದ್ದ ಗಂಡಸೊಬ್ಬ ಎದ್ದು ನಿಂತ. "ಕಣ್ಣು ಕಾಣಲ್ವಾ ನಿನಗೆ? ಗೆರೆ ಯಾವುದು ಅಂತನಾದರೂ ಗೊತ್ತಾ?" ಎಂದು ಅಕ್ಕಪಕ್ಕದ ಅಂಕಣಗಳಿಗೂ ಕೇಳುವ ಹಾಗೆ ಕೂಗಿದ. ಅವನ ಪಕ್ಕದ ಹೆಂಗಸು ಕೈ ಬೀಸಿ ಬೀಸಿ ದನಿಗೂಡಿಸಿದಳು. ನನ್ನ ಮಗಳಿಗೆ ಹದಿಮೂರು ವರ್ಷ. ಅವಳು ಅವರತ್ತ ತಿರುಗಲಿಲ್ಲ. ಬಾವುಟದ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತನ್ನ ಶೂಗಳನ್ನೇ ನೋಡುತ್ತ ನಿಂತಳು. ಆಮೇಲೆ ಒಂದು ಸಲ ತಲೆಯೆತ್ತಿ ನನ್ನನ್ನು ಹುಡುಕಿದಳು.

ನಾನು ಎದ್ದು ಆ ಮನುಷ್ಯನಿಗೆ ಎರಡು ಮಾತು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಎರಡು ವಾರದ ಹಿಂದೆ ಬೇರೊಂದು ಊರಿನಲ್ಲಿ, ಬೇರೆ ಯಾರದೋ ಮಗು ಬಾವುಟ ಹಿಡಿದು ನಿಂತಿದ್ದಾಗ, ಇಷ್ಟು ಗಟ್ಟಿಯಾಗಿ ಅಲ್ಲದಿದ್ದರೂ ಇದೇ ಮಾತನ್ನು ನಾನೂ ಆಡಿದ್ದೆ.

ಅಮೆರಿಕದ ಡಾಲಸ್ ನಗರದ ಹೊರವಲಯದಲ್ಲಿ ನಮ್ಮ ವಾಸ. ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆ. ಮಗಳು ಕ್ಲಬ್ ವಾಲಿಬಾಲ್ ಆಡಲು ಶುರುಮಾಡಿ ಇದು ಮೂರನೇ ಸೀಸನ್. ಈ ಮೂರು ವರ್ಷದಲ್ಲಿ ಆಟದ ಬಗ್ಗೆ ಎಷ್ಟು ಕಲಿತೆನೋ, ಆಟ ನೋಡಲು ಬರುವ ಅಪ್ಪ ಅಮ್ಮಂದಿರ ಬಗ್ಗೆ ಅದಕ್ಕಿಂತ ಹೆಚ್ಚು ಕಲಿತಿದ್ದೇನೆ. ಅವರಲ್ಲಿ ನಾನೂ ಒಬ್ಬಳು.

ಕ್ಲಬ್ ಎಂದ ಕೂಡಲೇ ನಮ್ಮ ಊರುಗಳ ಯುವಕ ಸಂಘ, ಗಣೇಶ ಹಬ್ಬದ ಹೊನಲು ಬೆಳಕಿನ ಪಂದ್ಯಾವಳಿ ಕಣ್ಣಿಗೆ ಬಂದರೆ ಅದನ್ನು ಬದಿಗಿಡಬೇಕು. ಇಲ್ಲಿ ಶಾಲೆಯ ತಂಡ ಬೇರೆ, ಕ್ಲಬ್ಬಿನ ತಂಡ ಬೇರೆ. ಹೈಸ್ಕೂಲು ಹುಡುಗಿಯರ ವಾಲಿಬಾಲ್ ಆಗಸ್ಟ್‌ನಿಂದ ನವೆಂಬರ್‌ವರೆಗೆ ನಡೆಯುತ್ತದೆ. ಅದು ಮುಗಿದ ಮೇಲೆ ಬೇಸಿಗೆಯವರೆಗೂ ಕ್ಲಬ್ಬುಗಳ ಕಾಲ. ಹನ್ನೆರಡರ ಒಳಗಿನವರು, ಹದಿಮೂರರ ಒಳಗಿನವರು ಎಂದು ಹದಿನೆಂಟರವರೆಗೆ ವಯಸ್ಸಿಗೊಂದು ಗುಂಪು. ಒಂದೇ ಕ್ಲಬ್ಬಿನಲ್ಲಿ ಒಂದೇ ವಯಸ್ಸಿಗೆ ಒಂದನೇ ತಂಡ, ಎರಡನೇ ತಂಡ, ಮೂರನೇ ತಂಡ. ಟ್ರೈಔಟ್ ಎಂಬ ಆಯ್ಕೆ ಪರೀಕ್ಷೆ ಎದುರಿಸದೆ ಯಾರಿಗೂ ಪ್ರವೇಶವಿಲ್ಲ. ಬೆನ್ನಿಗೆ ನಂಬರ್ ಚೀಟಿ ಅಂಟಿಸಿಕೊಂಡ ಮಕ್ಕಳನ್ನು ಕೋಚ್‌ಗಳು ಪ್ಯಾಡ್ ಹಿಡಿದು ಅಳೆಯುತ್ತಾರೆ. ಆಯ್ಕೆಯಾದರೆ ಒಪ್ಪಿಗೆ ಹೇಳಿ ಮುಂಗಡ ಕಟ್ಟಲು ಕೆಲವು ಕಡೆ ಒಂದು ದಿನವೂ ಕೊಡುವುದಿಲ್ಲ.

ಇಷ್ಟು ತುರುಸು ಯಾಕೆ ಎಂದರೆ ಅದರ ಬೇರು 1972ರಲ್ಲಿದೆ. ಆ ವರ್ಷ ಬಂದ ಟೈಟಲ್ ನೈನ್ ಎಂಬ ಕಾನೂನು, ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂದಿತು. ಕ್ರೀಡೆಗೂ ಅದು ಅನ್ವಯಿಸಿತು. ದೊಡ್ಡ ದೊಡ್ಡ ಅಮೆರಿಕನ್ ಫುಟ್‌ಬಾಲ್ ತಂಡಗಳನ್ನು ಸಾಕುತ್ತಿದ್ದ ವಿಶ್ವವಿದ್ಯಾಲಯಗಳು ಹುಡುಗಿಯರಿಗೂ ಅಷ್ಟೇ ಅವಕಾಶ ತೋರಿಸಬೇಕಾಗಿ ಬಂದಾಗ ವಾಲಿಬಾಲಿನ ಅದೃಷ್ಟ ತೆರೆಯಿತು. ಇವತ್ತು ಅಮೆರಿಕದ ಹೈಸ್ಕೂಲುಗಳಲ್ಲಿ 4.5 ಲಕ್ಷಕ್ಕೂ ಹೆಚ್ಚು ಹುಡುಗಿಯರು ವಾಲಿಬಾಲ್ ಆಡುತ್ತಾರೆ; ಬಾಸ್ಕೆಟ್‌ಬಾಲ್ ಆಡುವವರಿಗಿಂತ ಇವರೇ ಹೆಚ್ಚು. 2023ರ ಆಗಸ್ಟ್ 30ರಂದು ನೆಬ್ರಾಸ್ಕಾ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನೆಟ್ ಕಟ್ಟಿ ಹುಡುಗಿಯರ ವಾಲಿಬಾಲ್ ಆಡಿಸಿತು. ನೋಡಲು ಬಂದವರು 92,003 ಮಂದಿ. ಟಿ.ವಿ.ಯಲ್ಲಿ ಅದನ್ನು ನೋಡುತ್ತ ನನ್ನ ಮಗಳು ಉಸಿರು ಬಿಗಿಹಿಡಿದು ಕೂತಿದ್ದಳು. ನಾನೂ ಕೂತಿದ್ದೆ, ಆದರೆ ನನ್ನ ತಲೆಯಲ್ಲಿ ಆಗಲೇ ಲೆಕ್ಕ ಶುರುವಾಗಿತ್ತು.

ಆ ಲೆಕ್ಕದ ಹೆಸರು ಸ್ಕಾಲರ್‌ಶಿಪ್. ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಮೊದಲ ಡಿವಿಷನ್ನಿನಲ್ಲಿ ಹುಡುಗಿಯರ ವಾಲಿಬಾಲ್ ತಂಡ ಇಟ್ಟಿರುವ ವಿಶ್ವವಿದ್ಯಾಲಯಗಳು ಮುನ್ನೂರಕ್ಕೂ ಹೆಚ್ಚು. ಬಹುಕಾಲ ಪ್ರತಿ ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್ ಎಂಬ ಮಿತಿ ಇತ್ತು. 2025ರಲ್ಲಿ ನ್ಯಾಯಾಲಯದ ಒಪ್ಪಂದವೊಂದರ ನಂತರ ನಿಯಮ ಬದಲಾಗಿ, ಅದಕ್ಕೆ ಒಪ್ಪಿದ ವಿಶ್ವವಿದ್ಯಾಲಯಗಳಲ್ಲಿ ತಂಡದ ಗಾತ್ರ ಹದಿನೆಂಟಕ್ಕೆ ನಿಂತಿದೆ. ಹೈಸ್ಕೂಲಿನಲ್ಲಿ ಆಡುವ ನೂರು ಹುಡುಗಿಯರಲ್ಲಿ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಯಾವುದೋ ಒಂದು ಡಿವಿಷನ್ನಿಗೆ ಹೋಗಿ ಆಡುವವರು ಸುಮಾರು ನಾಲ್ವರು. ಮೊದಲ ಡಿವಿಷನ್ನಿಗೆ ಮುಟ್ಟುವವರು ಹೆಚ್ಚುಕಡಿಮೆ ಒಬ್ಬರು. ಅವರಿಗೆಲ್ಲ ಪೂರ್ತಿ ಹಣ ಸಿಗುತ್ತದೆ ಎಂದೂ ಇಲ್ಲ.

ಖರ್ಚಿನ ಕಡೆ ನೋಡಿ. ನಮ್ಮ ಸುತ್ತಿನ ಕ್ಲಬ್ಬುಗಳಲ್ಲಿ ಸೀಸನ್ನಿಗೆ ಕೆಲವು ಸಾವಿರ ಡಾಲರ್ ಶುಲ್ಕ. ಒಂದನೇ ತಂಡವಾದರೆ ವಿಮಾನ, ಹೋಟೆಲ್ಲು, ಊಟ, ಟೂರ್ನಮೆಂಟಿನ ಬಾಗಿಲಲ್ಲಿ ಪೋಷಕರ ಪ್ರವೇಶ ದರ, ಪಾರ್ಕಿಂಗ್, ಖಾಸಗಿ ಪಾಠ, ಮೇಲೆ ಮೇಲೆ ಬರುತ್ತದೆ. ಎಲ್ಲ ಸೇರಿ ಸೀಸನ್ನಿಗೆ 7,000 ಡಾಲರ್ ಎಂದು ಹಿಡಿದರೂ ಹನ್ನೆರಡರಿಂದ ಹದಿನೆಂಟರವರೆಗಿನ ಏಳು ಸೀಸನ್ನಿಗೆ 49,000 ಡಾಲರ್. ಆ ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದರೆ ಕಾಲೇಜಿನ ಒಂದೆರಡು ವರ್ಷ ಸರಾಗವಾಗಿ ಕಳೆಯುತ್ತಿತ್ತು. ಈ ಮಾತು ಎಲ್ಲ ಪೋಷಕರಿಗೂ ಗೊತ್ತು. ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಕ್ರೀಡೆ ಮತ್ತು ಕುಟುಂಬಗಳ ಬಗ್ಗೆ ಕೆಲಸ ಮಾಡುವ ಟ್ರಾವಿಸ್ ಡಾರ್ಶ್ ಮತ್ತು ಅವರ ಸಂಗಡಿಗರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ, ಮನೆಯ ಆದಾಯದಲ್ಲಿ ಮಗುವಿನ ಆಟಕ್ಕೆ ಹೋಗುವ ಪಾಲು ಹೆಚ್ಚಿದಷ್ಟೂ ಹೆತ್ತವರು ತನ್ನ ಮೇಲೆ ಒತ್ತಡ ಹಾಕುತ್ತಿದ್ದಾರೆ ಎಂದು ಮಗುವಿಗೆ ಅನ್ನಿಸುವುದು ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಆಟದ ಖುಷಿ ಕಮ್ಮಿ. ಅದನ್ನು ಓದಿದ ದಿನ ನಮ್ಮ ಮನೆಯ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಇನ್ನೊಮ್ಮೆ ತೆಗೆದು ನೋಡಿದೆ. ನಾವು ಮಗಳಿಗೆ ಒಂದು ದಿನವೂ ಹಣದ ಮಾತು ಎತ್ತಿರಲಿಲ್ಲ. ಆದರೂ ಒಂದು ಶನಿವಾರ ಜ್ವರ ಬಂದಾಗ ಅವಳು ಹೇಳಿದ್ದು ನೆನಪಾಯಿತು: "ಹೋಟೆಲ್ ಬುಕ್ ಆಗಿದೆ ಅಲ್ವಾ ಅಮ್ಮ, ಆಡ್ತೀನಿ ಬಿಡು."

ಹಣದ ಒತ್ತಡ ಈಜಿನಲ್ಲೂ ಇದೆ, ಟೆನಿಸ್ಸಿನಲ್ಲೂ ಇದೆ. ವಾಲಿಬಾಲಿನ ಪೋಷಕರು ಇಷ್ಟು ಕುದಿಯುವುದಕ್ಕೆ ಆಟದ ಹೊಲಿಗೆಯಲ್ಲೇ ಒಂದು ಕಾರಣ ಇದೆ ಎಂದು ನನಗೆ ಅನ್ನಿಸುತ್ತದೆ.

1895ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಎಂಬ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಈ ಆಟ ಕಟ್ಟಿದರು. ನಾಲ್ಕು ವರ್ಷ ಮೊದಲು, ಪಕ್ಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಬಾಸ್ಕೆಟ್‌ಬಾಲ್ ಹುಟ್ಟಿತ್ತು. ಮೈಗೆ ಮೈ ತಾಗಿಸಿ ಓಡಾಡುವ ಆ ಆಟ ವಯಸ್ಸಾದ ವ್ಯಾಪಾರಸ್ಥರಿಗೆ ಭಾರವಾಗುತ್ತಿತ್ತು. ಅವರಿಗಾಗಿ ಮಾರ್ಗನ್ ನಡುವೆ ಒಂದು ನೆಟ್ ಕಟ್ಟಿ ಎರಡು ಕಡೆಯವರನ್ನೂ ಬೇರೆ ಮಾಡಿದರು. ಯಾರೂ ಯಾರನ್ನೂ ಮುಟ್ಟಬೇಕಿಲ್ಲ, ಕೆಡವಬೇಕಿಲ್ಲ. ಅದೇ ವೈಎಂಸಿಎಯವರು ಆಟವನ್ನು ಮದ್ರಾಸಿಗೂ ತಂದರು. ಎರಡು ಕಂಬ, ಒಂದು ನೆಟ್, ಒಂದು ಚೆಂಡು ಇದ್ದರೆ ಸಾಕಾಗುವ ಆಟವಾದ್ದರಿಂದ ಅದು ನಮ್ಮ ಹಳ್ಳಿ ಶಾಲೆಗಳ ಮೈದಾನದವರೆಗೂ ನಡೆದು ಬಂತು.

ನೆಟ್ಟಿನಾಚೆಯವರನ್ನು ಮುಟ್ಟುವ ಹಾಗೇ ಇಲ್ಲ ಎಂದಮೇಲೆ ಪಾಯಿಂಟು ಹೋದರೆ ಕಣ್ಣು ಹೋಗುವುದು ನಮ್ಮ ಕಡೆಯವರ ಮೇಲೆ. ಫುಟ್‌ಬಾಲಿನಲ್ಲಿ ಒಂದು ಪಾಸ್ ತಪ್ಪಿದರೆ ಹತ್ತು ಸೆಕೆಂಡಿನಲ್ಲಿ ಎಲ್ಲರೂ ಮರೆಯುತ್ತಾರೆ. ವಾಲಿಬಾಲಿನಲ್ಲಿ ಮರೆಯಲು ಆಗುವುದಿಲ್ಲ. ಮೊದಲು ಸರ್ವ್ ನಮ್ಮದಿದ್ದಾಗ ಮಾತ್ರ ಅಂಕ ಬರುತ್ತಿತ್ತು. 1999ರಿಂದ ಅಂತರರಾಷ್ಟ್ರೀಯ ನಿಯಮದಲ್ಲಿ ಪ್ರತಿ ರ‍್ಯಾಲಿಗೂ ಅಂಕ. ಆಮೇಲೆ ಎಲ್ಲ ಹಂತಕ್ಕೂ ಅದೇ ಬಂತು. ಈಗ ಸರ್ವ್ ನೆಟ್ಟಿಗೆ ಹೊಡೆದರೆ ಒಂದು ಅಂಕ ಹೋಯಿತು, ರಿಸೀವ್ ಕೈ ತಪ್ಪಿದರೆ ಇನ್ನೊಂದು. ಪ್ರತಿ ತಪ್ಪಿಗೂ ಒಂದು ಜೆರ್ಸಿ ನಂಬರ್ ಇದೆ, ಅಂಕ ಹೋದದ್ದನ್ನು ಸ್ಕೋರ್ ಬೋರ್ಡ್ ತಕ್ಷಣ ತೋರಿಸುತ್ತದೆ. ಅಂಗೈಯಗಲದ ಅಂಕಣದಲ್ಲಿ ಆರೇ ಜನ, ಅಡಗಿಕೊಳ್ಳಲು ಜಾಗವಿಲ್ಲ. ಹದಿಮೂರರ ಒಳಗಿನ ಹುಡುಗಿಯರಿಗೆ ಕಟ್ಟುವ ನೆಟ್ 2.24 ಮೀಟರ್, ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಕಟ್ಟುವ ಎತ್ತರವೇ. ಅದರ ಕೆಳಗೆ ನಿಂತ ಮಕ್ಕಳು ಎಷ್ಟು ಸಣ್ಣವರು ಎಂಬುದು ಗ್ಯಾಲರಿಯಲ್ಲಿ ಕೂತವರಿಗೆ ಮರೆತುಹೋಗುತ್ತದೆ.

ನನ್ನ ಮಗಳು ಸೆಟರ್. ನಮ್ಮೂರ ಕಡೆ ಲಿಫ್ಟರ್ ಅನ್ನುತ್ತೇವೆ. ಬಂದ ಚೆಂಡನ್ನು ಬೆರಳ ತುದಿಯಲ್ಲಿ ಎತ್ತಿ ಹೊಡೆಯುವವರಿಗೆ ಹದವಾಗಿ ಕೊಡುವವಳು. ಚಪ್ಪಾಳೆ ಹೊಡೆದವರಿಗೆ ಸಿಗುತ್ತದೆ, ಎತ್ತಿ ಕೊಟ್ಟವಳಿಗೆ ಅಪರೂಪ. ಎತ್ತರ ಕಡಿಮೆಯಿರುವ ನಮ್ಮ ಭಾರತೀಯ ಮಕ್ಕಳು ಇಲ್ಲಿ ಬಹುಪಾಲು ಸೆಟರ್ ಆಗುತ್ತಾರೆ, ಇಲ್ಲವೇ ಬೇರೆ ಬಣ್ಣದ ಜೆರ್ಸಿ ತೊಟ್ಟು ಹಿಂದಿನ ಸಾಲು ಕಾಯುವ ಲಿಬೆರೊ.

ಸೀಸನ್ನಿನ ಮೊದಲರ್ಧ ನಮ್ಮ ತಂಡ ಆಡಿದ್ದು ಆರು-ಎರಡು ಎಂಬ ಪದ್ಧತಿಯಲ್ಲಿ. ಇಬ್ಬರು ಸೆಟರ್‌ಗಳು, ಹಿಂದಿನ ಸಾಲಿನಲ್ಲಿರುವ ಸರದಿ ಯಾರದೋ ಅವರು ಎತ್ತಿಕೊಡುತ್ತಾರೆ. ಜನವರಿಯ ಕೊನೆಗೆ ಕೋಚ್ ಐದು-ಒಂದಕ್ಕೆ ಬದಲಾಯಿಸುವ ಯೋಚನೆಯಲ್ಲಿದ್ದಾರೆ ಎಂಬ ಸುದ್ದಿ ಹಬ್ಬಿತು. ಐದು-ಒಂದು ಅಂದರೆ ಇಡೀ ಪಂದ್ಯಕ್ಕೆ ಒಬ್ಬಳೇ ಸೆಟರ್. ಇನ್ನೊಬ್ಬಳು ಬೆಂಚಿಗೆ.

ಇನ್ನೊಬ್ಬ ಸೆಟರ್ ಹುಡುಗಿ ನನ್ನ ಮಗಳ ಜೀವದ ಗೆಳತಿ. ಪಂದ್ಯದ ದಿನ ಬೆಳಿಗ್ಗೆ ಇಬ್ಬರೂ ಹೋಟೆಲ್ಲಿನ ಲಾಬಿಯಲ್ಲಿ ನೆಲದ ಮೇಲೆ ಕೂತು ಒಬ್ಬರಿಗೊಬ್ಬರು ಜಡೆ ಹಾಕುತ್ತಾರೆ. ಒಂದೇ ಪ್ಯಾಕೆಟ್ಟಿನ ಚಿಪ್ಸ್ ತಿನ್ನುತ್ತಾರೆ. ನಾನು ಆ ದಿನಗಳಲ್ಲಿ ಏನು ಮಾಡುತ್ತಿದ್ದೆ ಎಂದರೆ, ಫೋನಿನಲ್ಲಿ ಒಂದು ಪಟ್ಟಿ ಇಟ್ಟಿದ್ದೆ. ಎದುರು ತಂಡದ್ದಲ್ಲ, ಆ ಹುಡುಗಿಯದು. ಎಷ್ಟು ಸೆಟ್ ಸರಿ, ಎಷ್ಟು ತಪ್ಪು, ಎಷ್ಟು ಸರ್ವ್ ಹೊರಗೆ. ಒಂದು ಭಾನುವಾರ ಅವಳು ಎತ್ತಿದ ಚೆಂಡು ನೆಟ್ಟಿನ ಬದಿಯ ಆ್ಯಂಟೆನಾಕ್ಕೆ ಬಡಿಯಿತು. ನಮ್ಮ ತಂಡಕ್ಕೆ ಅಂಕ ಹೋಯಿತು. ಅದೇ ಕ್ಷಣ ನನ್ನೊಳಗೆ ಏನೋ ಹಗುರಾಯಿತು. ಅಂಕಣದ ಬದಿಯಲ್ಲಿ ನನ್ನ ಮಗಳು ಬೆಂಚಿನಿಂದೆದ್ದು ಎರಡೂ ಕೈ ತಟ್ಟಿ ಅವಳ ಹೆಸರು ಕೂಗುತ್ತಿದ್ದಳು, ಪರವಾಗಿಲ್ಲ ಎನ್ನುವ ಹಾಗೆ. ನಾನು ಇಲ್ಲಿ ಮೇಲೆ ಕೂತು ಆ ಮಗುವಿನ ಹೆಸರಿನ ಮುಂದೆ ಇನ್ನೊಂದು ಗೀಟು ಎಳೆಯುತ್ತಿದ್ದೆ.

ಆ ಪಟ್ಟಿಯನ್ನು ಅವತ್ತೇ ಅಳಿಸಿದೆ. ಅಳಿಸಿದ ಮಾತ್ರಕ್ಕೆ ಒಳಗಿನದು ಹೋಗಲಿಲ್ಲ. ಅದು ಎಲ್ಲಿಂದ ಬಂತು ಎಂದು ಆಮೇಲೆ ಎಷ್ಟೋ ರಾತ್ರಿ ಯೋಚಿಸಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ನೋಟಿಸ್ ಬೋರ್ಡಿನ ಮುಂದೆ ನಿಂತು ನನ್ನ ನಂಬರ್ ನೋಡಿ ಮುಗಿಸುವ ಮೊದಲೇ ಚಿಕ್ಕಮ್ಮ ಕೇಳಿದ ಮಾತು, "ಮೇಷ್ಟ್ರ ಮಗಳಿಗೆ ಎಷ್ಟು ಬಂತು?" ನಮ್ಮ ಪೀಳಿಗೆಯ ಕಿವಿಯಲ್ಲಿ ಆ ಪ್ರಶ್ನೆ ಇನ್ನೂ ಮೊಳಗುತ್ತಿದೆ. ಸಿಇಟಿ ರ‍್ಯಾಂಕಿನಲ್ಲಿ ನಮ್ಮ ಮೇಲಿದ್ದವರು, ಕೆಳಗಿದ್ದವರು ಯಾರೆಂದು ಇಪ್ಪತ್ತೈದು ವರ್ಷದ ನಂತರವೂ ಹೇಳಬಲ್ಲೆವು. ಅದನ್ನೇ ಕಟ್ಟಿಕೊಂಡು ಕಡಲು ದಾಟಿದೆವು. ಇಲ್ಲಿನ ಬಿಳಿಯ ಪೋಷಕರಿಗೆ ಬೇರೆ ದಾರಿಯಿಂದ ಅದೇ ರೋಗ ಬಂದಿದೆ. ಹನ್ನೆರಡು ವರ್ಷದ ಮಕ್ಕಳ ತಂಡಗಳಿಗೂ ದೇಶಮಟ್ಟದ ರ‍್ಯಾಂಕಿಂಗ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಭಾನುವಾರ ರಾತ್ರಿ ಅದನ್ನು ನೋಡದೆ ಮಲಗದ ಮನೆಗಳು ನನಗೆ ಗೊತ್ತು.

ಹಾಗಾಗಿ ಈ ಲೋಕದ ದೊಡ್ಡ ಪೈಪೋಟಿ ಕ್ಲಬ್ಬು ಕ್ಲಬ್ಬಿನ ನಡುವಿನದು ಅಲ್ಲವೇ ಅಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಅದೂ ಇದೆ. ಕೆಂಪು ಜೆರ್ಸಿಯ ಕ್ಲಬ್ಬನ್ನು ಕಂಡರೆ ಕಪ್ಪು ಜೆರ್ಸಿಯವರಿಗೆ ಆಗುವುದಿಲ್ಲ. ಒಬ್ಬ ಒಳ್ಳೆಯ ಆಟಗಾರ್ತಿಯನ್ನು ಇನ್ನೊಂದು ಕ್ಲಬ್ಬು ಸೆಳೆದುಕೊಂಡರೆ ತಿಂಗಳುಗಟ್ಟಲೆ ಮಾತು ನಿಲ್ಲುತ್ತದೆ. ಆದರೆ ಆ ಪೈಪೋಟಿ ಕಣ್ಣಿಗೆ ಕಾಣುವಂಥದ್ದು, ಪಂದ್ಯ ಮುಗಿದ ಮೇಲೆ ನೆಟ್ಟಿನ ಕೆಳಗೆ ಕೈ ತಟ್ಟಿಕೊಳ್ಳುವಾಗ ಅರ್ಧ ಕರಗುತ್ತದೆ. ಕರಗದೆ ಉಳಿಯುವುದು ಒಂದೇ ತಂಡದ ಹತ್ತು ಹನ್ನೆರಡು ಮನೆಗಳ ನಡುವಿನದು. ಅಂಕಣದಲ್ಲಿ ಜಾಗ ಇರುವುದು ಆರು. ಶುಲ್ಕ ಕಟ್ಟಿದವರು ಹನ್ನೆರಡು. ಕರಾರು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ, ನೀವು ಕೊಡುವ ಹಣ ತರಬೇತಿಗೆ, ಆಡುವ ಅವಕಾಶಕ್ಕಲ್ಲ ಎಂದು. ಸಹಿ ಹಾಕುವಾಗ ಎಲ್ಲರೂ ತಲೆಯಾಡಿಸುತ್ತೇವೆ. ಮೂರನೇ ಟೂರ್ನಮೆಂಟಿನ ಹೊತ್ತಿಗೆ ಕೈಯಲ್ಲಿ ಗಡಿಯಾರ ಹಿಡಿದು ಕೂರುತ್ತೇವೆ.

ಮಕ್ಕಳು ಒಂದು ರ‍್ಯಾಲಿ ಮುಗಿದ ಕೂಡಲೇ, ಅಂಕ ಬಂದರೂ ಹೋದರೂ, ಅಂಕಣದ ನಡುವೆ ಓಡಿ ಬಂದು ಒಂದು ಗುಂಪಾಗಿ ಕೈ ಜೋಡಿಸಿ ಮತ್ತೆ ಚದುರುತ್ತಾರೆ. ಪಂದ್ಯದುದ್ದಕ್ಕೂ ಅದು ನಡೆಯುತ್ತಿರುತ್ತದೆ. ಅದೇ ಹೊತ್ತಿನಲ್ಲಿ ಗ್ಯಾಲರಿ ನೋಡಿದರೆ ಆಡುತ್ತಿರುವ ಮಕ್ಕಳ ತಂದೆತಾಯಿ ಒಂದು ಕಡೆ, ಬೆಂಚಿನ ಮಕ್ಕಳ ತಂದೆತಾಯಿ ಇನ್ನೊಂದು ಕಡೆ ಕೂತಿರುತ್ತಾರೆ. ಯಾರೂ ಹೇಳಿ ಕೂರಿಸಿದ್ದಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸರಿಯೇ. ಪಕ್ಕದ ಮನೆಯ ಮಗು ಕಣ್ಣಿಗೆ ಚುಚ್ಚಬೇಕೆಂದೇನೂ ಆ ಗಾದೆ ಹೇಳಿಲ್ಲ.

ಅನೇಕ ಕ್ಲಬ್ಬುಗಳು ಇಪ್ಪತ್ನಾಲ್ಕು ಗಂಟೆಯ ನಿಯಮ ಇಟ್ಟಿವೆ. ಪಂದ್ಯ ಮುಗಿದು ಒಂದು ದಿನ ಕಳೆಯುವ ತನಕ ಪೋಷಕರು ಕೋಚ್ ಹತ್ತಿರ ದೂರು ಒಯ್ಯುವಂತಿಲ್ಲ. ಮೊದಲು ಮಗುವೇ ಹೋಗಿ ಕೋಚ್ ಜೊತೆ ಮಾತಾಡಬೇಕು. ಒಳ್ಳೆಯ ನಿಯಮ. ಅದರ ಒಂದು ತೊಂದರೆ ಎಂದರೆ, ಕೋಚ್‌ಗೆ ಹೇಳಬಾರದ್ದನ್ನೆಲ್ಲ ಆ ಇಪ್ಪತ್ನಾಲ್ಕು ಗಂಟೆಯಲ್ಲಿ ಮಗು ಕೇಳಿಸಿಕೊಳ್ಳಬೇಕಾಗುತ್ತದೆ. ಎಲ್ಲಿ? ಕಾರಿನಲ್ಲಿ.

ಬ್ರೂಸ್ ಬ್ರೌನ್ ಮತ್ತು ರಾಬ್ ಮಿಲ್ಲರ್ ಎಂಬ ಇಬ್ಬರು ಅನುಭವಿ ಕೋಚ್‌ಗಳು ಅನೇಕ ವರ್ಷ ಕಾಲೇಜು ಕ್ರೀಡಾಪಟುಗಳನ್ನು ಕಂಡು ಒಂದು ಪ್ರಶ್ನೆ ಕೇಳುತ್ತ ಬಂದರು: ಚಿಕ್ಕಂದಿನಲ್ಲಿ ಆಡುತ್ತಿದ್ದಾಗಿನ ಅತಿ ಕೆಟ್ಟ ನೆನಪು ಯಾವುದು? ಸೋತ ಫೈನಲ್ಲು, ಮುರಿದ ಕಾಲು ಇಂಥವನ್ನು ನಾವು ನಿರೀಕ್ಷಿಸುತ್ತೇವೆ. ಹೆಚ್ಚಿನವರು ಕೊಟ್ಟ ಉತ್ತರ, ಪಂದ್ಯ ಮುಗಿಸಿ ಅಪ್ಪ ಅಮ್ಮನ ಜೊತೆ ಮನೆಗೆ ಹೋಗುತ್ತಿದ್ದ ಕಾರಿನ ಪ್ರಯಾಣ. ಇಷ್ಟವಾದ ಮಾತು ಯಾವುದು ಎಂಬುದಕ್ಕೆ ಸಿಕ್ಕಿದ್ದು ಬಹಳ ಸಣ್ಣ ಉತ್ತರ: ನೀನು ಆಡುವುದನ್ನು ನೋಡಲು ನನಗೆ ಇಷ್ಟ.

ನಮ್ಮ ಕಾರಿನಲ್ಲಿ ಏನಾಗುತ್ತಿತ್ತೆಂದು ಹೇಳುತ್ತೇನೆ. ಹೂಸ್ಟನ್‌ನಿಂದ ಡಾಲಸ್‌ಗೆ ನಾಲ್ಕು ಗಂಟೆ ದಾರಿ. ಒಂದು ಸಲ ಮೊದಲ ಗಂಟೆಯೆಲ್ಲ ನಾನೇ ಮಾತಾಡಿದೆ. ಕಾಲು ತಡವಾಗಿ ಎತ್ತುತ್ತೀಯಾ, ಹಿಂದಕ್ಕೆ ಸೆಟ್ ಮಾಡುವಾಗ ಬೆನ್ನು ಬಾಗಿಸುತ್ತೀಯಾ, ಎರಡನೇ ಸೆಟ್ಟಿನ ಆ ಸರ್ವ್ ಯಾಕೆ ಹಾಗಾಯಿತು. ನಾನು ಜನ್ಮದಲ್ಲಿ ವಾಲಿಬಾಲ್ ಸರ್ವ್ ಮಾಡಿದವಳಲ್ಲ. ಅವಳು ಒಂದೊಂದಕ್ಕೂ "ಹ್ಞೂಂ" ಅಂದಳು. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆವು. ಮತ್ತೆ ಹೊರಡುವಾಗ ನೋಡಿದರೆ ಅವಳು ನನ್ನ ಪಕ್ಕದ ಸೀಟಿನಲ್ಲಿರಲಿಲ್ಲ. ಹಿಂದಿನ ಸೀಟಿನಲ್ಲಿ, ಮಂಡಿಗೆ ಕಟ್ಟಿದ ಪ್ಯಾಡನ್ನೂ ಬಿಚ್ಚದೆ, ಕಿವಿಗೆ ಇಯರ್‌ಫೋನ್ ಹಾಕಿ ಗೋಡೆ ಕಡೆಗೆ ತಿರುಗಿದವರ ಹಾಗೆ ಕಿಟಕಿಗೆ ಮುಖ ಮಾಡಿ ಮಲಗಿದ್ದಳು. ಆಮೇಲೆ ಆರು ವಾರ ಅವಳು ಮುಂದಿನ ಸೀಟಿಗೆ ಬರಲಿಲ್ಲ.

ಮಾತು ಕಾರಿನಲ್ಲೇ ಮುಗಿದರೆ ಒಂದು ಮನೆಯ ನೋವು. ಹೊರಗೆ ಚೆಲ್ಲಿದಾಗ ಅದು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಈ ದೇಶದಲ್ಲಿ ಮರೆಯಲಾಗದ ಒಂದು ಘಟನೆ ಇದೆ. 2000ದ ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ರೆಡಿಂಗ್ ಎಂಬ ಊರಿನಲ್ಲಿ ಮಕ್ಕಳ ಐಸ್ ಹಾಕಿ ಅಭ್ಯಾಸ ಒರಟಾಯಿತೆಂದು ಶುರುವಾದ ಜಗಳದಲ್ಲಿ ಒಬ್ಬ ತಂದೆ ಇನ್ನೊಬ್ಬ ತಂದೆಯನ್ನು ಹೊಡೆದು ಕೊಂದ. 2002ರಲ್ಲಿ ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸಿತು. ವಾಲಿಬಾಲಿನ ಗ್ಯಾಲರಿಯಲ್ಲಿ ಕೈ ಮೀರುವುದು ಕಡಿಮೆ, ಬಾಯಿ ಮೀರುವುದು ಪ್ರತಿ ವಾರ. ಅದರ ಫಲ ರೆಫ್ರಿಗಳ ಬರ. 2018-19ರಿಂದ 2021-22ರ ನಡುವೆ ಅಮೆರಿಕದ ಹೈಸ್ಕೂಲು ಕ್ರೀಡೆಗಳಲ್ಲಿ ಸುಮಾರು 50,000 ರೆಫ್ರಿ, ಅಂಪೈರ್‌ಗಳು ಕೆಲಸ ಬಿಟ್ಟರು ಎಂದು ಹೈಸ್ಕೂಲು ಕ್ರೀಡಾ ಸಂಘಗಳ ರಾಷ್ಟ್ರೀಯ ಒಕ್ಕೂಟ ಲೆಕ್ಕ ಕೊಟ್ಟಿದೆ. ಕೋವಿಡ್ ಕೂಡ ಅದರಲ್ಲಿ ಸೇರಿದೆ, ಆದರೆ ಬಿಟ್ಟವರು ಮುಂದಿಡುವ ಕಾರಣಗಳಲ್ಲಿ ಪೋಷಕರ ಬೈಗುಳ ತಪ್ಪದೆ ಇರುತ್ತದೆ.

ಕ್ಲಬ್ ಪಂದ್ಯಾವಳಿಗಳಲ್ಲಿ ಈ ಬೈಗುಳ ಬೀಳುವುದು ಮಕ್ಕಳ ಮೇಲೆಯೇ. ಸಾಮಾನ್ಯವಾಗಿ ಮೂರು ನಾಲ್ಕು ತಂಡಗಳು ಸೇರಿ ಒಂದು ಗುಂಪು. ಎರಡು ತಂಡ ಆಡುವಾಗ ಇನ್ನೊಂದು ತಂಡದ ಮಕ್ಕಳು ಗೆರೆ ಕಾಯಬೇಕು, ಅಂಕ ಬರೆಯಬೇಕು, ಲಿಬೆರೊ ಒಳಗೆ ಹೊರಗೆ ಹೋದದ್ದನ್ನು ಗುರುತು ಹಾಕಬೇಕು, ಎರಡನೇ ರೆಫ್ರಿಯಾಗಿ ನೆಟ್ಟಿನ ಪಕ್ಕ ಸೀಟಿ ಹಿಡಿದು ನಿಲ್ಲಬೇಕು. ನನಗೆ ಈ ಏರ್ಪಾಡು ಬಹಳ ಮೆಚ್ಚಿಗೆ. ಆಡುವವರಿಗೆ ನ್ಯಾಯ ಹೇಳುವ ಕಷ್ಟ ಗೊತ್ತಾಗುತ್ತದೆ. ಈ ಕೆಲಸ ಕಲಿಯದೆ ಅವರಿಗೆ ಸೀಸನ್ ಶುರುವಾಗುವುದಿಲ್ಲ, ತರಬೇತಿ ಪಡೆಯಲೇಬೇಕು. ತರಬೇತಿಯಿಲ್ಲದೆ ಒಳಗೆ ಬಂದು ಕೂರುವವರು ನಾವು ಮಾತ್ರ.

ಬೇರೆ ದಾರಿ ಇಲ್ಲವೇ ಎಂದರೆ, ನಾರ್ವೆಯವರದು ನೋಡಬೇಕು. ಮಕ್ಕಳ ಕ್ರೀಡೆಗೆ ಅಲ್ಲಿ 1987ರಿಂದಲೇ ನಿಯಮಗಳಿವೆ, 2007ರಲ್ಲಿ ಮಕ್ಕಳ ಹಕ್ಕುಗಳ ಪಟ್ಟಿಯೇ ಬಂತು. ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶ ಪಟ್ಟಿ, ರ‍್ಯಾಂಕಿಂಗ್ ಇಲ್ಲ. ಹದಿಮೂರಕ್ಕೆ ಮೊದಲು ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಯಾವ ಆಟ, ಎಷ್ಟು ಆಟ ಎಂಬುದರಲ್ಲಿ ಮಗುವಿನ ಮಾತು ನಡೆಯಬೇಕು. ಹೀಗೆ ಬೆಳೆಸಿದರೆ ಮಕ್ಕಳು ಮೆತ್ತಗಾಗುತ್ತಾರೆ ಎನ್ನುವವರಿಗೆ ಟೋಕಿಯೊ ಒಲಿಂಪಿಕ್ಸ್‌ನ ಪುರುಷರ ಬೀಚ್ ವಾಲಿಬಾಲ್ ಚಿನ್ನ ಯಾರು ಗೆದ್ದರು ಎಂದು ಕೇಳಬಹುದು. ಗೆದ್ದವರು ನಾರ್ವೆಯ ಆಂಡರ್ಸ್ ಮೋಲ್ ಮತ್ತು ಕ್ರಿಸ್ಟಿಯನ್ ಸೋರುಮ್. ಮೋಲ್ ಅವರ ತಾಯಿ ಸ್ವತಃ 1996ರ ಒಲಿಂಪಿಕ್ಸ್‌ನಲ್ಲಿ ಬೀಚ್ ವಾಲಿಬಾಲ್ ಆಡಿದವರು, ತಂದೆ ಕೋಚ್. ನಮ್ಮ ಪಕ್ಕದ ಕೇರಳದ ಪೇರಾವೂರಿನಲ್ಲಿ ವಾಲಿಬಾಲ್ ತಾರೆ ಜಿಮ್ಮಿ ಜಾರ್ಜ್ ಮತ್ತು ಅವರ ಏಳು ಸಹೋದರರಿಗೆ ವಾಲಿಬಾಲ್ ಹಿಡಿಸಿದ್ದೂ ಅವರ ತಂದೆಯೇ. ಹೆತ್ತವರು ಆಟದಿಂದ ದೂರ ನಿಲ್ಲಬೇಕು ಎಂದು ನಾನು ಹೇಳಲಾರೆ. ಮೋಲ್, ಜಿಮ್ಮಿ ಇಬ್ಬರ ಮನೆಯಲ್ಲೂ ಹೆತ್ತವರು ಚೆಂಡು ಮುಟ್ಟಿದವರಾಗಿದ್ದರು, ಅದು ಕೈಯಿಂದ ಹೇಗೆ ಜಾರುತ್ತದೆ ಎಂದು ಬಲ್ಲವರಾಗಿದ್ದರು.

ನನ್ನ ಅಪ್ಪನೂ ಲಿಫ್ಟರ್ ಆಗಿದ್ದರು. ಸಂಜೆ ಐದೂವರೆಗೆ ಶಾಲೆಯ ಮೈದಾನದಲ್ಲಿ ಪಂಚೆ ಎತ್ತಿ ಕಟ್ಟಿ ಆಡಲು ನಿಂತರೆ ಚೆಂಡು ಕಾಣದಷ್ಟು ಕತ್ತಲಾದ ಮೇಲೆಯೇ ಮನೆಗೆ. ಊರೂರ ನಡುವೆ ಜಗಳ ಆಗುತ್ತಿರಲಿಲ್ಲ ಎಂದಲ್ಲ, ಹಬ್ಬದ ಪಂದ್ಯಾವಳಿಗಳಲ್ಲಿ ಕಂಬ ಕಿತ್ತು ಹೊಡೆದಾಡಿದ್ದೂ ಉಂಟು. ಆದರೆ ತನ್ನ ತಂಡದವನು ತಪ್ಪು ಮಾಡಲಿ ಎಂದು ಕಾದು ಕೂತವರನ್ನು ನಾನು ಅಲ್ಲಿ ಕಂಡಿಲ್ಲ. ಈಗ ಅಪ್ಪನಿಗೆ ಎಪ್ಪತ್ತೆಂಟು. ಭಾನುವಾರ ವಿಡಿಯೊ ಕಾಲ್‌ನಲ್ಲಿ ಮೊಮ್ಮಗಳಿಗೆ ಕೇಳುವುದು ಒಂದೇ: "ಇವತ್ತು ಯಾರಿಗೆ ಚೆಂಡು ಎತ್ತಿಕೊಟ್ಟೆ ಪುಟ್ಟಿ?" ಅವಳು ಬೆರಳು ಮಡಿಸುತ್ತ ಗೆಳತಿಯರ ಹೆಸರು ಹೇಳುತ್ತಾಳೆ. ಗೆದ್ದದ್ದು ಸೋತದ್ದು ಎಷ್ಟೋ ಸಲ ಆ ಮಾತುಕತೆಯಲ್ಲಿ ಬರುವುದೇ ಇಲ್ಲ.

ಕೊನೆಗೆ ನಮ್ಮ ಕೋಚ್ ಐದು-ಒಂದಕ್ಕೇ ಹೋದರು. ಸೆಟರ್ ಆದದ್ದು ಆ ಇನ್ನೊಬ್ಬ ಹುಡುಗಿ. ನನ್ನ ಮಗಳು ಈಗ ಹಿಂದಿನ ಸಾಲಿಗೆ, ಸರ್ವ್‌ಗೆ ಇಳಿಯುತ್ತಾಳೆ. ಎರಡು ದಿನ ಅತ್ತಳು. ಮೂರನೇ ದಿನ ಪ್ರಾಕ್ಟೀಸಿಗೆ ಹೋದಳು. ಆ ಹುಡುಗಿಯ ತಾಯಿಗೆ ನಾನು ಹೋಗಿ, ನಿಮ್ಮ ಮಗಳು ಚೆನ್ನಾಗಿ ಸೆಟ್ ಮಾಡುತ್ತಿದ್ದಾಳೆ ಎಂದು ಹೇಳಿದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು, ಈ ಮಾತಿನ ಹಿಂದೆ ಬೇರೇನಿದೆ ಎಂದು ಹುಡುಕುವವರ ಹಾಗೆ. ಮುಂದಿನ ಟೂರ್ನಮೆಂಟಿಗೆ ಎರಡು ಮನೆಗೂ ಸೇರಿ ಒಂದೇ ಕಾರು ಸಾಕಲ್ಲ ಎಂದೆ. ಅದಕ್ಕೆ ಒಪ್ಪಿದರು.

ಹೋದ ವರ್ಷ ಬೆಂಗಳೂರಿಗೆ ಬಂದಾಗ ತಂಗಿಯ ಮಗನ ಕ್ರಿಕೆಟ್ ಅಕಾಡೆಮಿಗೆ ಹೋಗಿದ್ದೆ. ನೆಟ್ಟಿನ ಹಿಂದೆ ಸಾಲಾಗಿ ನಿಂತ ಅಪ್ಪಂದಿರು. ಪಕ್ಕದ ಬ್ಯಾಡ್ಮಿಂಟನ್ ಹಾಲಿನ ಗಾಜಿಗೆ ಮೂಗು ಒತ್ತಿ ನಿಂತ ಅಮ್ಮಂದಿರು. ಅಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗ ಪ್ರತಿ ಶಟಲ್ ಹೊಡೆದ ಮೇಲೂ ಕೋಚ್ ಕಡೆ ನೋಡುವ ಮೊದಲು ಗಾಜಿನ ಕಡೆ ನೋಡುತ್ತಿದ್ದ. ಡಾಲಸ್‌ನಲ್ಲಿ ಇವತ್ತು ಇರುವುದೆಲ್ಲ ನಮ್ಮ ಊರುಗಳಿಗೆ ಬರಲು ಹೆಚ್ಚು ಕಾಲ ಬೇಕಿಲ್ಲ. ಬಹಳಷ್ಟು ಬಂದಾಗಿದೆ.

ಅದಕ್ಕೇ ಇದನ್ನು ಓದುವ ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ಮುಂದಿನ ಸಲ ಮಗುವಿನ ಪಂದ್ಯಕ್ಕೆ ಹೋದಾಗ ಒಂದು ಸೆಟ್ಟು, ಒಂದು ಓವರು, ಒಂದು ಗೇಮು ಪೂರ್ತಿ ನಿಮ್ಮ ಮಗುವನ್ನು ಬಿಟ್ಟು ಅದೇ ತಂಡದ ಇನ್ನೊಂದು ಮಗುವನ್ನು ನೋಡಿ, ಅದು ಚೆನ್ನಾಗಿ ಆಡಲಿ ಎಂದುಕೊಂಡೇ ನೋಡಿ. ಮನೆಗೆ ಹೋಗುವ ದಾರಿಯಲ್ಲಿ ಹಸಿವಾಗಿದೆಯಾ ಎಂದು ಕೇಳಿ, ಮಿಕ್ಕದ್ದು ಮಗುವೇ ಎತ್ತಿದರೆ ಮಾತಾಡಿ. ಅಂಕಣದ ಮೂಲೆಯಲ್ಲಿ ಬಾವುಟ ಹಿಡಿದು ನಿಂತದ್ದು ಯಾರದೋ ಮನೆಯ ಮಗು; ಅದು ಔಟ್ ಎಂದರೆ ಔಟ್, ದಯವಿಟ್ಟು ಕೂತುಕೊಳ್ಳಿ.